ಎಷ್ಟು ಹೊತ್ತು ಕೇಳಿದೆ?

ಈ ಹಾಡನ್ನು ಯಾರಿಗೆ ಕೇಳಿಸಿದರೂ ಮುಗಿದ ಮೇಲೆ ಅವರು ಮಾತಾಡುವುದು ತಮ್ಮ ಬಗ್ಗೆಯೇ. ‘ಎರಡು ನಿಮಿಷಕ್ಕೆ ಎದ್ದುಬಿಟ್ಟೆ’ ಅನ್ನುತ್ತಾರೆ. ‘ಹೆಡ್‌ಫೋನ್ ಕಿತ್ತಿಟ್ಟು ಲೈಟ್ ಹಾಕಿದೆ’ ಅನ್ನುತ್ತಾರೆ. ಇನ್ನು ಕೆಲವರು, ‘ನನಗೇನೂ ಆಗಲಿಲ್ಲಪ್ಪ, ಪೂರ್ತಿ ಕೇಳಿದೆ’ ಎಂದು ಪರೀಕ್ಷೆ ಪಾಸಾದವರ ಧಾಟಿಯಲ್ಲಿ ಹೇಳುತ್ತಾರೆ. ಥ್ರಾಬಿಂಗ್ ಗ್ರಿಸಲ್ ಎಂಬ ಬ್ರಿಟನ್ನಿನ ಸಂಗೀತ ತಂಡದ ‘ಹ್ಯಾಂಬರ್ಗರ್ ಲೇಡಿ’ ಬಗ್ಗೆ ಹೇಳುತ್ತಿದ್ದೇನೆ. 1978ರ ಕೊನೆಯಲ್ಲಿ ಹೊರಬಂದ ‘ಡಿ.ಒ.ಎ.’ ಆಲ್ಬಮ್ಮಿನ ಹಾಡು, ನಾಲ್ಕು ನಿಮಿಷ ಚಿಲ್ಲರೆ. ಅದರಲ್ಲಿರುವುದು ಸೊಂಟದಿಂದ ಮೇಲಕ್ಕೆ ಪೂರ್ತಿ ಸುಟ್ಟು ಆಸ್ಪತ್ರೆಯಲ್ಲಿ ಮಲಗಿರುವ ಒಬ್ಬ ಹೆಂಗಸು. ಇಷ್ಟು ವರ್ಷಗಳಲ್ಲಿ ನಾನು ಕೇಳಿದ, ಓದಿದ ಪ್ರತಿಕ್ರಿಯೆಗಳಲ್ಲಿ ಭಯ ಇದೆ, ಅಸಹ್ಯ ಇದೆ, ಮೆಚ್ಚುಗೆಯೂ ಇದೆ. ಆ ಹೆಂಗಸು ಮಾತ್ರ ಹೆಚ್ಚುಕಡಿಮೆ ಎಲ್ಲೂ ಇಲ್ಲ. ಇದು ಬಹಳ ದಿನದಿಂದ ನನ್ನನ್ನು ಕೊರೆಯುತ್ತಿದೆ.

ಹೆದರಿಸುವ ಹಾಡನ್ನು ಪಂದ್ಯ ಮಾಡಿಕೊಳ್ಳುವುದು ಹೊಸದಲ್ಲ. ಸೂಯಿಸೈಡ್ ಎಂಬ ಅಮೆರಿಕದ ಜೋಡಿಯ ‘ಫ್ರಾಂಕಿ ಟಿಯರ್‌ಡ್ರಾಪ್’ ಇದೆಯಲ್ಲ, 1977ರದು, ಹತ್ತು ನಿಮಿಷದ್ದು. ಕಾರ್ಖಾನೆಯ ದುಡಿಮೆಯಲ್ಲಿ ಸಂಸಾರ ತೂಗಿಸಲಾಗದ ಒಬ್ಬ ಯುವಕ ಹೆಂಡತಿ, ಮಗುವನ್ನು ಕೊಂದು ತಾನೂ ಸಾಯುವ ಕಥೆ. ಟಾಮ್ ಶಾರ್ಪ್ಲಿಂಗ್ ಎಂಬ ಅಮೆರಿಕದ ರೇಡಿಯೊ ನಿರೂಪಕ ಅದನ್ನು ರಾತ್ರಿ ಹೊತ್ತು ಒಬ್ಬರೇ ಹೆಡ್‌ಫೋನಿನಲ್ಲಿ ಪೂರ್ತಿ ಕೇಳಿ ತೋರಿಸಿ ಎಂದು ಶ್ರೋತೃಗಳಿಗೆ ಸವಾಲು ಹಾಕಿದ. ಅದೊಂದು ಆಟವೇ ಆಗಿಹೋಯಿತು. ಹಾಡು ಬಂದ ಕಾಲದಲ್ಲಿ ಜನರ ಪ್ರತಿಕ್ರಿಯೆ ಬೇರೆ ಇತ್ತು. 1978ರಲ್ಲಿ ಬ್ರಸೆಲ್ಸ್‌ನಲ್ಲಿ ಈ ಜೋಡಿ ನುಡಿಸುವಾಗ ಸಭಿಕರು ಕೂಗಾಡಿ, ಮೈಕ್ ಕಿತ್ತುಕೊಂಡು, ಕಾರ್ಯಕ್ರಮ ಅರ್ಧಕ್ಕೇ ನಿಂತಿತು. ಸಿಟ್ಟು ಬರುವುದು ನನಗೆ ಅರ್ಥವಾಗುತ್ತದೆ. ಸಿಟ್ಟು ಬಂದವನು ಕೊನೆಯ ಪಕ್ಷ ಎದುರಿಗಿರುವವನ ಜೊತೆ ಜಗಳಕ್ಕಾದರೂ ನಿಲ್ಲುತ್ತಾನೆ. ಪಂದ್ಯ ಕಟ್ಟಿದವನಿಗೆ ಎದುರಿಗೆ ಯಾರೂ ಬೇಕಾಗಿಲ್ಲ, ಗಡಿಯಾರ ಇದ್ದರೆ ಸಾಕು.

ಒಂದು ಪತ್ರದಿಂದ ಬಂದದ್ದು

ಥ್ರಾಬಿಂಗ್ ಗ್ರಿಸಲ್ ಬಗ್ಗೆ ಗೊತ್ತಿರುವವರಿಗೆ ಲಂಡನ್ನಿನ ಹ್ಯಾಕ್ನಿಯ ಮಾರ್ಟೆಲ್ಲೊ ಸ್ಟ್ರೀಟಿನ ನೆಲಮಾಳಿಗೆಯ ಸ್ಟುಡಿಯೊ, ಅದಕ್ಕೆ ಅವರಿಟ್ಟ ‘ಡೆತ್ ಫ್ಯಾಕ್ಟರಿ’ ಎಂಬ ಹೆಸರು, 1976ರ ಲಂಡನ್ ಪ್ರದರ್ಶನದ ನಂತರ ಒಬ್ಬ ಸಂಸದ ಇವರನ್ನು ನಾಗರಿಕತೆಯ ವಿಧ್ವಂಸಕರು ಎಂದು ಬೈದದ್ದು, ಇವೆಲ್ಲ ಗೊತ್ತೇ ಇರುತ್ತವೆ. ಜೆನೆಸಿಸ್ ಪಿ-ಆರಿಡ್ಜ್, ಕೋಸಿ ಫ್ಯಾನಿ ಟುಟ್ಟಿ, ಕ್ರಿಸ್ ಕಾರ್ಟರ್, ಪೀಟರ್ ಕ್ರಿಸ್ಟೊಫರ್ಸನ್ ಈ ನಾಲ್ವರು ಸೇರಿ ಕಟ್ಟಿದ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ಕಂಪನಿಯ ಹೆಸರೇ ಆಮೇಲೆ ಒಂದು ಸಂಗೀತ ಪ್ರಕಾರದ ಹೆಸರಾಯಿತು. ಬೈಗುಳ ಅವರಿಗೆ ಹೊಸದಾಗಿರಲಿಲ್ಲ. ಇದೇ ‘ಡಿ.ಒ.ಎ.’ ಆಲ್ಬಮ್ಮಿನಲ್ಲಿ ‘ಡೆತ್ ಥ್ರೆಟ್ಸ್’ ಎಂದೊಂದು ಪುಟ್ಟ ತುಣುಕಿದೆ. ಅವರ ಫೋನಿನ ಆನ್ಸರಿಂಗ್ ಮಶಿನ್ನಿಗೆ ಯಾರೋ ಬಿಟ್ಟ ಕೊಲೆ ಬೆದರಿಕೆಗಳನ್ನು ಅಲ್ಲಿ ಹಾಗೇ ಹಾಕಿದ್ದಾರೆ. ಕೇಳುಗರ ಪ್ರತಿಕ್ರಿಯೆಯನ್ನು ಆಲ್ಬಮ್ಮಿನ ಒಳಗೇ ಸೇರಿಸಿಬಿಟ್ಟರು ಅನ್ನಬಹುದು.

ಆದರೆ ಹೆಂಗಸಿನ ಈ ಹಾಡನ್ನು ಅವರು ಕಲ್ಪಿಸಿಕೊಂಡು ಬರೆದದ್ದಲ್ಲ. ಅಂಚೆಯಲ್ಲಿ ಕಲಾಕೃತಿಗಳನ್ನು ಕಳಿಸಿಕೊಳ್ಳುತ್ತಿದ್ದ ಮೇಲ್ ಆರ್ಟ್ ಬಳಗವೊಂದಿತ್ತು. ಆ ಬಳಗದ ಅಲ್ ಆಕರ್ಮನ್ ಎಂಬ ಅಮೆರಿಕದವರು ಪಿ-ಆರಿಡ್ಜ್‌ಗೆ ಬರೆದ ಪತ್ರವೇ ಇದರ ಸಾಹಿತ್ಯ. ಆಕರ್ಮನ್ ಸುಟ್ಟಗಾಯದ ರೋಗಿಗಳನ್ನು ಹತ್ತಿರದಿಂದ ನೋಡಿದವರು. ಹಾಡಿಗೆ ಬಂದದ್ದು ಗಾಯದ ವಿವರ: ಸುಟ್ಟ ತೋಳು, ಸುಟ್ಟ ಕಿವಿ, ಸುಟ್ಟ ರೆಪ್ಪೆಗೂದಲು, ಏನನ್ನೂ ಎತ್ತಿ ಹಿಡಿಯಲಾಗದ ಕೈ, ವೈದ್ಯಕೀಯ ಎಷ್ಟು ಮುಂದುವರಿದಿದ್ದರೂ ಕೊನೆ ಕಾಣದ ಸ್ಥಿತಿ. ಪತ್ರವನ್ನು ಓದಿದರೆ ಅಲ್ಲಿ ಗಾಯದಷ್ಟೇ ಜಾಗ ಡ್ಯೂಟಿಗೂ ಇದೆ. ಆಕೆಯ ಕೋಣೆಯಲ್ಲಿ ನಿಂತು, ಉಂಡದ್ದು ಹೊರಬರದಂತೆ ಕೆಲಸ ಮಾಡಬಲ್ಲ ಜನ ಸಿಕ್ಕುತ್ತಿಲ್ಲ. ಹಾಗಾಗಿ ಬರೆದಾತ ಮತ್ತು ಇನ್ನೊಬ್ಬ ರಾತ್ರಿ ಬಿಟ್ಟು ರಾತ್ರಿ ಪಾಳಿ ಹಂಚಿಕೊಂಡಿದ್ದಾರೆ. ಉಳಿದವರು ಬಾಗಿಲ ತನಕ ಬಂದು ತಿರುಗುತ್ತಾರೆ. ಇಬ್ಬರು ಒಳಗೆ ಹೋಗುತ್ತಾರೆ.

ಈ ಪತ್ರದ ವಿಷಯ ತಿಳಿದ ಮೇಲೆ ಹಾಡಿನ ಪ್ರತಿಕ್ರಿಯೆಗಳು ನನಗೆ ಬೇರೆ ಥರ ಕಾಣತೊಡಗಿದವು. ಎರಡನೇ ನಿಮಿಷಕ್ಕೆ ಎದ್ದು ಹೋದವರು, ಕೊನೆತನಕ ಇದ್ದವರು ಎಂದು ನಾವು ಎಣಿಸುತ್ತಿರುವುದು ಆ ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆದದ್ದನ್ನೇ. ವ್ಯತ್ಯಾಸವೆಂದರೆ ಅಲ್ಲಿ ಒಳಗೆ ಹೋದವರಿಗೆ ಒಳಗೆ ಕೆಲಸವಿತ್ತು. ಬ್ಯಾಂಡೇಜು ಬದಲಿಸಬೇಕಿತ್ತು, ಟ್ಯೂಬಿನಲ್ಲಿ ಆಹಾರ ಕೊಡಬೇಕಿತ್ತು. ಸಹಿಸಿಕೊಂಡೆನೋ ಇಲ್ಲವೋ ಎಂದು ನೋಡಿಕೊಳ್ಳಲು ಯಾರೂ ಹೋಗಿರಲಿಲ್ಲ.

ಸದ್ದಿನ ಬಗ್ಗೆ

ಹೆಚ್ಚಿನವರು ಪದಗಳು ಅರ್ಥವಾಗುವ ಮೊದಲೇ ಹೆದರುತ್ತಾರೆ. ಇಂಗ್ಲಿಷ್ ಮಾತೃಭಾಷೆಯಾದವರಿಗೂ ಮೊದಲ ಸಲ ಮಾತು ಪೂರ್ತಿ ತಿಳಿಯುವುದಿಲ್ಲ. 1975ರಲ್ಲಿ ಬ್ರಿಟನ್ನಿನ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ಬಂದ ಸರ್ಕ್ಯೂಟ್ ಇಟ್ಟುಕೊಂಡು ಕ್ರಿಸ್ ಕಾರ್ಟರ್ ಸದ್ದನ್ನು ತಿರುಚುವ ‘ಗ್ರಿಸಲೈಝರ್’ ಎಂಬ ಪೆಟ್ಟಿಗೆ ಕಟ್ಟಿದ್ದರು; ತಂಡದ ಧ್ವನಿ, ಗಿಟಾರು ಎಲ್ಲವೂ ಅಂಥ ಪೆಟ್ಟಿಗೆಗಳ ಒಳಗೆ ಹಾದುಬಂದೇ ಹೊರಬೀಳುತ್ತಿದ್ದವು. ಈ ಹಾಡಿನಲ್ಲಿ ದನಿ ನೀರೊಳಗೆ ಕಂಪಿಸಿದ ಹಾಗಿದೆ. ತಳದಲ್ಲಿ ಒಂದು ಮಂದ ಮಿಡಿತ. ಅದರ ಮೇಲೆ ಏರುತ್ತ ಇಳಿಯುತ್ತ ಬರುವ ಒಂದು ಊಳು, ಸೈರನ್ನೂ ಅಲ್ಲ, ಪ್ರಾಣಿಯ ಕೂಗೂ ಅಲ್ಲ. ಕಾಲಿಂದ ತಾಳ ಹಾಕಲು ಏನೂ ಇಲ್ಲ, ಗುನುಗಿಕೊಳ್ಳಲು ರಾಗ ಇಲ್ಲ. ಫೋನಿನ ಸ್ಪೀಕರಿನಲ್ಲಿ ಕೇಳಿದರೆ ತಳದ ಮಿಡಿತ ಅರ್ಧ ಕಳೆದುಹೋಗಿ ಊಳು ಮಾತ್ರ ಉಳಿಯುತ್ತದೆ. ದೊಡ್ಡ ಸ್ಪೀಕರಿನಲ್ಲಿ ಕೇಳಿದಾಗ ಮಿಡಿತವೇ ಕೋಣೆಯನ್ನೆಲ್ಲ ತುಂಬಿಕೊಳ್ಳುತ್ತದೆ.

ಆದರೆ ಮಾತಾಡುವವನು ಕಿರುಚುವುದಿಲ್ಲ. ಇದನ್ನು ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ‘ಫ್ರಾಂಕಿ’ ಹಾಡಿನಲ್ಲಿ ಬರುವ ಚೀತ್ಕಾರ ನರಕದಿಂದ ಬಂದಂತಿದೆ; ಇಲ್ಲಿ ಅಂಥದ್ದು ಒಂದೂ ಇಲ್ಲ. ಇಲ್ಲಿನ ದನಿ ಸುಮ್ಮನೆ ಒಪ್ಪಿಸುತ್ತದೆ. ಇಲ್ಲಿಂದ ಇಲ್ಲಿಯವರೆಗೆ ಸುಟ್ಟಿದೆ, ಇದು ಆಗುವುದಿಲ್ಲ, ಅದು ಆಗುವುದಿಲ್ಲ. ಮರುಕ ಇಲ್ಲ, ಆಕ್ರೋಶ ಇಲ್ಲ. ‘ಎಷ್ಟು ಕ್ರೂರವಾದ ದನಿ’ ಎಂದು ನನ್ನ ಗೆಳೆಯರಲ್ಲಿ ಅನೇಕರು ಹೇಳಿದ್ದುಂಟು. ನಾನೂ ಒಪ್ಪಿಕೊಂಡಿದ್ದೆ, ಚಿಕ್ಕಮ್ಮ ಅದನ್ನು ಕೇಳುವವರೆಗೆ.

ಚಿಕ್ಕಮ್ಮ ಕೇಳಿದ್ದು

ಚಿಕ್ಕಮ್ಮ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದವರು, ಸರ್ವೀಸಿನ ದೊಡ್ಡ ಪಾಲು ಸುಟ್ಟಗಾಯದ ವಾರ್ಡಿನಲ್ಲೇ ಕಳೆದವರು. ಅವರ ಮಗ, ನಾನು ಸಂಗೀತದ ಬಗ್ಗೆ ವಾದ ಮಾಡುತ್ತ ಕೂತಿದ್ದಾಗ ಈ ಹಾಡಿನ ಮಾತು ಬಂತು. ‘ಅದೇನು ಹಾಕ್ರೋ, ನಾನೂ ಕೇಳ್ತೀನಿ’ ಅಂದರು. ಬೇಡ ಅಂದೆವು. ‘ನಾನು ನೋಡಿರೋದಕ್ಕಿಂತ ಜಾಸ್ತಿ ಏನಿರತ್ತೆ ಅದರಲ್ಲಿ?’ ಅಂದರು. ಮಡಿಲಲ್ಲಿ ಅವರೇಕಾಯಿ ಮೊರ ಇಟ್ಟುಕೊಂಡು ಬಿಡಿಸುತ್ತಲೇ ಕೇಳಿದರು. ನಾನು ಪಕ್ಕದಲ್ಲಿ ಕೂತು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ಕೈ ನಿಲ್ಲಲಿಲ್ಲ. ಹಾಡು ಮುಗಿದ ಮೇಲೆ ಹೇಳಿದ ಮೊದಲ ಮಾತು: ‘ಇವನಿಗೆ ಹೆದರಿಕೆ ಆಗಿಲ್ಲ ಕಣೋ. ಸುಸ್ತಾಗಿದಾನೆ.’

ಆಮೇಲೆ, ‘ಇನ್ನೊಬ್ಬರನ್ನ ಡ್ಯೂಟಿಗೆ ಹಾಕಿರಲಿಲ್ವಾ?’ ಎಂದು ಕೇಳಿದರು. ಆಗ ನಾನು ಪತ್ರದ ಕಥೆ ಹೇಳಿದೆ. ಅದೇನೂ ಅವರಿಗೆ ಆಶ್ಚರ್ಯ ಅನ್ನಿಸಲಿಲ್ಲ. ಬೆಳಿಗ್ಗೆ ಪಾಳಿ ಬದಲಾಗುವಾಗ ರಾತ್ರಿಯವರು ಹಗಲಿನವರಿಗೆ ಹೇಳುವುದು ಹೀಗೆಯೇ ಅಂದರು. ಯಾರಿಗೆ ಎಷ್ಟು ಡ್ರಿಪ್ ಹೋಯಿತು, ಯೂರಿನ್ ಎಷ್ಟು ಬಂತು, ಯಾರ ಗಾಯ ಹಸಿರು ತಿರುಗಿದೆ, ಯಾರು ಏನೂ ಕುಡಿದಿಲ್ಲ. ಅತ್ತುಕೊಂಡು ಹೇಳಿದರೆ ಕೇಳಿಸಿಕೊಳ್ಳುವವರಿಗೆ ಮಿಲಿಲೀಟರ್ ಲೆಕ್ಕ ತಪ್ಪುತ್ತದೆ. ಹೊಸದಾಗಿ ಬಂದ ಹುಡುಗಿಯರು ಮೊದಲ ದಿನ ಡ್ರೆಸ್ಸಿಂಗ್ ನೋಡಿ ಹೊರಗೆ ಓಡಿ ವಾಂತಿ ಮಾಡಿಕೊಳ್ಳುತ್ತಿದ್ದರಂತೆ. ಬಾಯಿ ಮುಕ್ಕಳಿಸಿ ಬಾ ಎಂದು ನೀರು ಕೊಡುತ್ತಿದ್ದೆವು ಅಂದರು. ಅದಕ್ಕಾಗಿ ಯಾರನ್ನೂ ಆಡಿಕೊಳ್ಳುತ್ತಿರಲಿಲ್ಲವಂತೆ. ಹಾಡಿನ ಸದ್ದಿನ ಬಗ್ಗೆ ಒಂದೇ ತಕರಾರು ತೆಗೆದರು: ಸುಟ್ಟಗಾಯದ ವಾರ್ಡಿನಲ್ಲಿ ಇಷ್ಟು ಸದ್ದಿರುವುದಿಲ್ಲ. ಬೆಳಿಗ್ಗೆ ಹಳೆ ಬ್ಯಾಂಡೇಜು ಬಿಚ್ಚುವ ಹೊತ್ತೊಂದನ್ನು ಬಿಟ್ಟರೆ ಉಳಿದಂತೆ ಎಲ್ಲರೂ ಮೆತ್ತಗೆ ಮಾತಾಡುವ ಜಾಗ ಅದು.

ಕ್ರೂರ ಎಂದು ನಾವು ಅಂದುಕೊಂಡ ದನಿ ಅವರಿಗೆ ಕೆಲಸದ ದನಿಯಾಗಿ ಕೇಳಿಸಿತ್ತು. ಅಂದಿನಿಂದ ನನಗೂ ಅದು ಹಾಗೆಯೇ ಕೇಳುತ್ತದೆ. ಈಗಲೂ ಹಾಡು ಹಿತ ಅನ್ನಿಸುವುದಿಲ್ಲ, ಮೈ ಜುಮ್ಮೆನ್ನುವುದು ತಪ್ಪಿಲ್ಲ. ಆದರೆ ಮಾತಾಡುತ್ತಿರುವವನು ಕೋಣೆಯ ಒಳಗಿದ್ದಾನೆ, ನಾಳೆ ಬಿಟ್ಟು ನಾಡಿದ್ದು ಮತ್ತೆ ಒಳಗೆ ಹೋಗಬೇಕಾದವನು ಎಂಬುದು ಈಗ ನೆನಪಿರುತ್ತದೆ.

ನಾವು ಕಂಡ ವಾರ್ಡು

ಲಂಡನ್ನಿನ ತಂಡ ಈ ಪತ್ರವನ್ನು ಹಾಡಾಗಿಸುವ ಹೊತ್ತಿಗೆ ಅದನ್ನು ಕೇಳಿದವರಲ್ಲಿ ಹೆಚ್ಚಿನವರಿಗೆ ಸುಟ್ಟ ಹೆಂಗಸು ಎಂದರೆ ಎಂದೂ ನೋಡದ, ಕಲ್ಪನೆಯಲ್ಲಷ್ಟೇ ಇರುವ ಭಯಾನಕ ದೃಶ್ಯ. ನಮಗೆ ಹಾಗಲ್ಲ. ನನ್ನ ವಯಸ್ಸಿನ ಕನ್ನಡಿಗರಿಗೆ ‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂಬ ಒಂದು ಕಾಲಂ ಸುದ್ದಿ ಮಾರ್ಕೆಟ್ ಧಾರಣೆಯ ಪಕ್ಕದಲ್ಲಿ ದಿನವೂ ಕಾಣುತ್ತಿದ್ದ ಸಂಗತಿ. ಭಾರತೀಯ ದಂಡಸಂಹಿತೆಗೆ ಗಂಡ ಮತ್ತವನ ಮನೆಯವರ ಕ್ರೌರ್ಯವನ್ನು ಶಿಕ್ಷಿಸುವ 498ಎ ಕಲಂ ಸೇರಿದ್ದು 1983ರಲ್ಲಿ, ವರದಕ್ಷಿಣೆ ಸಾವಿನ 304ಬಿ ಸೇರಿದ್ದು 1986ರಲ್ಲಿ. ಮದುವೆಯಾಗಿ ಏಳು ವರ್ಷದೊಳಗೆ ಸುಟ್ಟು ಸತ್ತರೆ ಕಾನೂನು ಕಣ್ಣು ತೆರೆದು ನೋಡಬೇಕೆಂದು ಬರೆಯಬೇಕಾಗಿ ಬಂದ ದೇಶ ನಮ್ಮದು. ಬೆಂಗಳೂರಿನ ವಿಮೋಚನಾ ಸಂಘಟನೆಯವರು 1990ರ ದಶಕದಲ್ಲಿ ಇಂಥ ‘ಅಸಹಜ ಸಾವು’ಗಳ ಬೆನ್ನು ಹತ್ತಿ, ಪೊಲೀಸ್ ಕಡತಗಳಲ್ಲಿ ಅಪಘಾತ ಎಂದು ಮುಚ್ಚಿಹೋದದ್ದನ್ನು ಬಿಡಿಸಿ ನೋಡಿದ್ದು ನೆನಪಿರಬಹುದು.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬೀದಿಯ ಮೂಲೆಮನೆಯ ಸೊಸೆ ಸುಟ್ಟುಕೊಂಡಳು. ಸುಟ್ಟರು ಎಂದೂ ಬೀದಿಯಲ್ಲಿ ಮಾತಿತ್ತು. ಆಕೆಯ ತವರಿನವರು ದೂರದ ಹಳ್ಳಿಯಿಂದ ಬರುವವರೆಗೆ ಗಂಡನ ಮನೆಯಿಂದ ಯಾರೂ ರಾತ್ರಿ ಉಳಿಯಲಿಲ್ಲ. ಅಮ್ಮ ಹೋದಳು. ಗಂಜಿಯ ಫ್ಲಾಸ್ಕು ಹಿಡಿದು ಹಿಂದೆ ನಾನು. ಗೇಟಿನಲ್ಲಿ, ಮೆಟ್ಟಿಲಲ್ಲಿ, ಕ್ಯಾಂಟೀನಿನ ಹತ್ತಿರ, ಗುರುತಿದ್ದವರು ಇಲ್ಲದವರು ಎಲ್ಲರೂ ಕೇಳುತ್ತಿದ್ದದ್ದು ಒಂದೇ, ‘ಎಷ್ಟು ಪರ್ಸೆಂಟು?’ ಆಕೆಯ ಹೆಸರನ್ನು ಯಾರೂ ಕೇಳಲಿಲ್ಲ. ವಾರ್ಡಿನೊಳಗೆ ಹುಡುಗರನ್ನು ಬಿಡುತ್ತಿರಲಿಲ್ಲ, ಬಾಗಿಲಿನಿಂದ ಕಾಣುವಷ್ಟು ಕಂಡೆ. ಹಾಸಿಗೆಯ ಮೇಲೆ ಕಮಾನಿನ ಥರ ಬಗ್ಗಿಸಿದ ಕಬ್ಬಿಣದ ಚೌಕಟ್ಟು, ಬಟ್ಟೆ ಮೈಗೆ ತಾಗದಿರಲೆಂದು ಹೊದಿಕೆಯನ್ನು ಅದರ ಮೇಲೆ ಇಳಿಬಿಟ್ಟಿದ್ದರು. ಕಾರಿಡಾರಿನ ಮೂಲೆಯಲ್ಲಿ ಒಬ್ಬ ಆಯಾ ಬಾಳೆಲೆಯ ದಿಂಡು ಕತ್ತರಿಸಿ ತೆಗೆದು, ಎಳೆ ಭಾಗವನ್ನು ಒಂದರ ಪಕ್ಕ ಒಂದು ಜೋಡಿಸುತ್ತಿದ್ದಳು. ಬೇಯಿಸಿ ಶುದ್ಧ ಮಾಡಿದ ಬಾಳೆಲೆಯನ್ನು ಗಾಯದ ಮೇಲೆ ಹಾಸಿದರೆ ಬಿಚ್ಚುವಾಗ ಚರ್ಮ ಕಿತ್ತು ಬರುವುದಿಲ್ಲ. ಊಟದ ಎಲೆ ಆಸ್ಪತ್ರೆಗೆ ಯಾಕೆ ಬಂತು ಎಂದು ನಾನು ನೋಡುತ್ತಲೇ ನಿಂತಿದ್ದೆ.

ಮೇ ತಿಂಗಳು. ಒಳಗಿನಿಂದ ಆಕೆ ಚಳಿ, ಚಳಿ ಅನ್ನುತ್ತಿದ್ದದ್ದು ಬಾಗಿಲಿಗೆ ಕೇಳುತ್ತಿತ್ತು. ಚರ್ಮ ಹೋದ ಮೈಯಲ್ಲಿ ಬಿಸಿ ನಿಲ್ಲುವುದಿಲ್ಲ ಎಂಬುದು ಚಿಕ್ಕಮ್ಮನಿಂದ ಎಷ್ಟೋ ವರ್ಷದ ಮೇಲೆ ತಿಳಿಯಿತು. ಅಮ್ಮ ಪಕ್ಕದ ಸ್ಟೂಲಿನಲ್ಲಿ ಕೂತು ಬೀದಿಯ ಸುದ್ದಿ ಹೇಳುತ್ತಿದ್ದಳು. ಯಾರ ಮನೆ ಎಮ್ಮೆ ಕರು ಹಾಕಿತು, ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬಂತು, ಯಾರ ಮಗಳು ಪಾಸಾದಳು. ಅಷ್ಟು ಮಾಮೂಲಾಗಿ ಹೇಗೆ ಮಾತಾಡುತ್ತಾಳೆ ಎಂದು ನನಗೆ ವಿಚಿತ್ರ ಅನ್ನಿಸಿತ್ತು. ಮಧ್ಯಾಹ್ನ ತಹಸೀಲ್ದಾರರು ಕಾಗದ ಹಿಡಿದು ಬಂದರು. ಹೇಳಿಕೆ ಬರೆದುಕೊಂಡ ಮೇಲೆ ಹೆಬ್ಬೆಟ್ಟು ಒತ್ತಿಸಬೇಕು, ಕೈಯಲ್ಲಿ ಒತ್ತಿಸುವಂಥದ್ದು ಏನೂ ಉಳಿದಿರಲಿಲ್ಲ. ಹೊದಿಕೆ ಸರಿಸಿ ಕಾಲಿನ ಹೆಬ್ಬೆರಳಿಗೆ ಮಸಿ ಹಚ್ಚಿದರು. ಆ ಕಾಲಿಗೆ ಏನೂ ಆಗಿರಲಿಲ್ಲ. ಕಾಲುಂಗುರ ಹಾಗೇ ಇತ್ತು. ವಾರ ಕಳೆದ ಮೇಲೆ ಸೋಂಕು ಹತ್ತಿ ಆಕೆ ತೀರಿಕೊಂಡಳು. ಕೇಸು ನಿಲ್ಲಲಿಲ್ಲ.

ಆ ಹಾಡಿನ ಸೊಂಟದಿಂದ ಮೇಲಕ್ಕೆ ಎಂಬ ಸಾಲು ಬಂದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಆ ಕಾಲು.

ಬೀಭತ್ಸದಿಂದ ಮುಂದೆ

ನಮ್ಮ ಕಾವ್ಯಮೀಮಾಂಸೆಗೆ ಜುಗುಪ್ಸೆ ಹೊಸದಲ್ಲ. ಭರತನ ಎಂಟು ರಸಗಳಲ್ಲಿ ಬೀಭತ್ಸಕ್ಕೂ ಜಾಗವಿದೆ, ಜುಗುಪ್ಸೆ ಅದರ ಸ್ಥಾಯಿಭಾವ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಸಂಜಯನ ಜೊತೆ ರಣರಂಗ ದಾಟುವ ಭಾಗವನ್ನು ಪಠ್ಯದಲ್ಲಿ ಓದಿದವರು ಮರೆತಿರಲಾರರು. ಹೆಣಗಳ ರಾಶಿ, ನೆತ್ತರಿನ ಮಡು, ಮರುಳುಗಳ ಗಲಾಟೆ. ರನ್ನ ಏನನ್ನೂ ಮುಚ್ಚಿಡುವುದಿಲ್ಲ. ಆದರೆ ಆ ನಡಿಗೆಯಲ್ಲಿ ದುರ್ಯೋಧನ ದ್ರೋಣರ ಮುಂದೆ ನಿಲ್ಲುತ್ತಾನೆ, ದುಶ್ಶಾಸನನ ಮುಂದೆ ನಿಲ್ಲುತ್ತಾನೆ, ಮಗ ಲಕ್ಷಣಕುಮಾರನ ಮುಂದೆ, ಕರ್ಣನ ಮುಂದೆ. ಶತ್ರುವಿನ ಮಗ ಅಭಿಮನ್ಯುವಿಗೂ ಕೈಮುಗಿಯುತ್ತಾನೆ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಮಾತಾಡುತ್ತಾನೆ. ಬೀಭತ್ಸ ಅಲ್ಲಿ ಕರುಣಕ್ಕೆ ದಾರಿ ಬಿಡುವುದು ಅವನು ಹೀಗೆ ನಿಲ್ಲುವುದರಿಂದಲೇ.

ಥ್ರಾಬಿಂಗ್ ಗ್ರಿಸಲ್ ಆ ದಾರಿಯನ್ನು ಬೇಕೆಂದೇ ಮುಚ್ಚಿದ್ದಾರೆ. ಅವರ ಹೆಂಗಸಿಗೆ ಹೆಸರಿಲ್ಲ. ಅಳಲು ಒಂದು ಸ್ವರವೂ ಹಾಡಿನಲ್ಲಿ ಸಿಗದು. ಜುಗುಪ್ಸೆ ಬಂದು ಅಲ್ಲಿಯೇ ನಿಂತುಬಿಡುತ್ತದೆ, ಕೇಳುಗನಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ತೋಚದಿದ್ದಾಗ ಮನುಷ್ಯ ತನ್ನನ್ನೇ ಅಳೆದುಕೊಳ್ಳುತ್ತಾನೆ: ಎಷ್ಟು ಹೊತ್ತು ತಡೆದೆ, ಎಲ್ಲಿ ಬಿಟ್ಟೆ. ಕೇಳುಗರ ಮೇಲೆ ನನಗೆ ಸಿಟ್ಟಿಲ್ಲ, ಹಾಡೇ ಅವರನ್ನು ಅಲ್ಲಿಗೆ ತಂದು ನಿಲ್ಲಿಸುತ್ತದೆ. ಕಣ್ಣೀರು ಹಾಕಿಸಿ ಹಗುರ ಮಾಡಿ ಕಳಿಸದಿರುವುದನ್ನು ನಾನು ಪ್ರಾಮಾಣಿಕತೆ ಎಂದೇ ತಿಳಿಯುತ್ತೇನೆ. ಆ ವಾರ್ಡಿನ ಬಾಗಿಲಲ್ಲಿ ನಿಂತಿದ್ದಾಗ ನನಗೂ ಅಳು ಬಂದಿರಲಿಲ್ಲ.

ಆದರೆ ಶೀರ್ಷಿಕೆಯನ್ನು ಮಾತ್ರ ನಾನು ಒಪ್ಪಲಾರೆ. ವಾರ್ಡಿನ ಒಳಗೆ, ನಿದ್ದೆಗೆಟ್ಟ ಇಬ್ಬರ ನಡುವೆ, ಸುಟ್ಟ ಮೈಯನ್ನು ಕೊಚ್ಚಿದ ಮಾಂಸಕ್ಕೆ ಹೋಲಿಸುವ ಅಂಥ ಅಡ್ಡಹೆಸರು ಹುಟ್ಟುವುದು ಬೇರೆ. ಅವರು ಆಮೇಲೆ ಒಳಗೆ ಹೋಗಿ ಅದೇ ಹೆಂಗಸಿನ ಆರೈಕೆ ಮಾಡುತ್ತಾರೆ. ಅದನ್ನೇ ರೆಕಾರ್ಡಿನ ಹೊದಿಕೆಯ ಮೇಲೆ ಅಚ್ಚು ಹಾಕಿ ಮಾರುವುದು ಬೇರೆ. ಹಾಗೆ ಮಾರಿದ ಕೂಡಲೇ ಆರೈಕೆ ಕಳಚಿಬಿದ್ದು ಹೆಸರಷ್ಟೇ ಊರೂರು ಸುತ್ತುತ್ತದೆ. ಇದು ಲೋಕಕ್ಕೆ ಅದರ ಮುಖವನ್ನೇ ತೋರಿಸುವ ಕಲೆ, ಸೌಮ್ಯವಾಗಿ ಇಡಲು ಆಗುವುದಿಲ್ಲ ಎಂದು ತಂಡದ ಅಭಿಮಾನಿಗಳು ವಾದಿಸುತ್ತಾರೆ. ನಾನೂ ಅಭಿಮಾನಿಯೇ. ಆದರೂ ಚಿಕ್ಕಮ್ಮನ ಎದುರು ಆ ಹೆಸರನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ನನಗೆ ಬಾಯಿ ಬರಲಿಲ್ಲ. ‘ಒಬ್ಬ ಪೇಷಂಟ್ ಮೇಲೆ ಬರೆದ ಹಾಡು’ ಅಂದೆ.

ಈಗ ಯಾರಾದರೂ ಕೇಳಿಸು ಎಂದರೆ ಮೊದಲು ಪತ್ರದ ಕಥೆ ಹೇಳುತ್ತೇನೆ. ಇಬ್ಬರು ರಾತ್ರಿ ಹಂಚಿಕೊಂಡದ್ದು, ಉಳಿದವರು ಬರಲೊಲ್ಲದೆ ಹೋದದ್ದು. ಚಿಕ್ಕಮ್ಮನ ಮಗನಿಗೆ ಇದು ಸ್ವಲ್ಪವೂ ಇಷ್ಟವಿಲ್ಲ. ಸದ್ದು ಮೊದಲು ಬಡಿಯಬೇಕು, ಅರ್ಥ ಆಮೇಲೆ ಬರಬೇಕು, ಹಾಡು ಕಟ್ಟಿರುವುದೇ ಹಾಗೆ, ನೀನು ಮುಂಚೆಯೇ ಹೇಳಿ ಅದರ ಹಲ್ಲು ಕೀಳುತ್ತಿದ್ದೀಯ ಎನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ, ನಾನೂ ಮೊದಲು ಕೇಳಿದ್ದು ಹಾಗೆಯೇ. ಆದರೆ ಕಥೆ ತಿಳಿದು ಕೇಳಿದವರು ಮುಗಿದ ಮೇಲೆ ಬೇರೆ ಪ್ರಶ್ನೆ ಕೇಳುತ್ತಾರೆ. ಟ್ಯೂಬು ಯಾಕೆ ಹಾಕುತ್ತಾರೆ, ಆಕೆಗೆ ಮಾತು ಬರುತ್ತಿತ್ತಾ, ಆ ಇಬ್ಬರಲ್ಲಿ ಒಬ್ಬರಿಗೆ ಜ್ವರ ಬಂದರೆ ಅವತ್ತು ರಾತ್ರಿ ಯಾರು ಹೋಗುತ್ತಿದ್ದರು. ಈ ವಿಷಯದಲ್ಲಿ ನಾವಿಬ್ಬರೂ ಇನ್ನೂ ಒಪ್ಪಂದಕ್ಕೆ ಬಂದಿಲ್ಲ. ಅವನು ಅವನ ಗೆಳೆಯರಿಗೆ ಏನೂ ಹೇಳದೆ ಕೇಳಿಸುತ್ತಾನೆ, ನಾನು ಹೇಳಿ ಕೇಳಿಸುತ್ತೇನೆ.